ಮಗುವಿನ ಬೊಜ್ಜಿಗೆ ಮನೆಮಂದಿಗೆಲ್ಲ ಚಿಕಿತ್ಸೆ

ದುಂಡುಮುಖದ ಮಗುವನ್ನು ಕಂಡರೆ ಕೆನ್ನೆ ಚಿವುಟದೆ ಮುಂದೆ ಹೋಗುವವರು ವಿರಳ. ತೆಳ್ಳಗಿರುವ ಮಗುವಿನ ತಾಯಿಗೆ ನೆರೆಹೊರೆಯವರ ಬುದ್ಧಿವಾದ ತಪ್ಪಿದ್ದಲ್ಲ. ದಪ್ಪಗಿರುವ ಮಗುವಿನ ತಾಯಿಗೆ ಹೊಗಳಿಕೆ ಕಟ್ಟಿಟ್ಟದ್ದು. ಅದೇ ಮಗು ಎಂಟೊಂಬತ್ತು ವರ್ಷದ್ದಾಗಿ, ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತ, ಶಾಲೆಯಲ್ಲಿ ಅಡ್ಡಹೆಸರಿನಿಂದ ಕರೆಸಿಕೊಳ್ಳತೊಡಗಿದಾಗ ಮನೆಯವರಿಗೆ ಎಚ್ಚರವಾಗುತ್ತದೆ. ಆಗ ನಡೆಯುವುದೇನು? ಅಕ್ಕನ ತಟ್ಟೆಗೆ ಬಿದ್ದ ಸಿಹಿ ತಮ್ಮನ ತಟ್ಟೆಗೆ ಬೀಳುವುದಿಲ್ಲ. ಕರಿದ ತಿಂಡಿಯ ಪೊಟ್ಟಣವನ್ನು ಮುಂದಿಟ್ಟುಕೊಂಡೇ ತಂದೆ ಮಗನಿಗೆ ಮಿತಾಹಾರದ ಉಪದೇಶ ಮಾಡುತ್ತಾನೆ.

ಈ ಉಪದೇಶದ ಬೆಲೆ ಎಷ್ಟೆಂಬುದನ್ನು ಅಮೆರಿಕದಲ್ಲಿ ತೂಗಿ ನೋಡಿದ್ದಾರೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿದ್ದ ಮನಶ್ಶಾಸ್ತ್ರಜ್ಞ ಲೆನರ್ಡ್ ಎಪ್‌ಸ್ಟೀನ್ ಮತ್ತು ಅವರ ಸಂಗಡಿಗರು ಆರರಿಂದ ಹನ್ನೆರಡು ವರ್ಷದ ಸ್ಥೂಲಕಾಯದ ಮಕ್ಕಳನ್ನು ಅವರ ತಂದೆ ಅಥವಾ ತಾಯಿಯೊಂದಿಗೆ ಮೂರು ಗುಂಪುಗಳಾಗಿ ವಿಂಗಡಿಸಿದರು. ಆಹಾರ, ವ್ಯಾಯಾಮ, ನಡವಳಿಕೆಗಳ ಬಗೆಗಿನ ಪಾಠ ಮೂರು ಗುಂಪಿಗೂ ಒಂದೇ. ಭೇದವಿದ್ದುದು ಉತ್ತೇಜನ ಯಾರಿಗೆ ಎಂಬುದರಲ್ಲಿ. ಒಂದು ಗುಂಪಿನಲ್ಲಿ ಮಗುವೂ ಹೆತ್ತವರೂ ಇಬ್ಬರೂ ತಮ್ಮ ಅಭ್ಯಾಸ ತಿದ್ದಿಕೊಂಡರೆ ಮೆಚ್ಚುಗೆ. ಇನ್ನೊಂದರಲ್ಲಿ ಮಗುವಿಗೆ ಮಾತ್ರ. ಮೂರನೆಯದರಲ್ಲಿ ತಪ್ಪದೆ ಹಾಜರಾದರೆ ಸಾಕು.

ಹತ್ತು ವರ್ಷಗಳ ತರುವಾಯ ಆ ಮಕ್ಕಳನ್ನು ಮತ್ತೆ ತೂಗಿದಾಗ ದೊರೆತ ಲೆಕ್ಕ ೧೯೯೦ರಲ್ಲಿ ಪ್ರಕಟವಾಯಿತು. ಹೆತ್ತವರೂ ಜೊತೆಗೂಡಿದ ಗುಂಪಿನ ಮಕ್ಕಳ ಅಧಿಕ ತೂಕದ ಪ್ರಮಾಣ ಮೊದಲಿಗಿಂತ ಸರಾಸರಿ ಶೇಕಡಾ ೭.೫ರಷ್ಟು ಇಳಿದಿತ್ತು. ಹಾಜರಿಯ ಗುಂಪಿನಲ್ಲಿ ಅದು ಶೇಕಡಾ ೧೪.೩ರಷ್ಟು ಏರಿತ್ತು. ಮಗುವೊಂದನ್ನೇ ತಿದ್ದಹೊರಟ ಗುಂಪು ಇವೆರಡರ ನಡುವೆ ನಿಂತಿತು. ಪಾಠ ಒಂದೇ ಆಗಿದ್ದರೂ ಫಲ ಬೇರೆಯಾಯಿತೆಂಬುದು ಇಲ್ಲಿಯ ಸ್ವಾರಸ್ಯ.

ಇಷ್ಟರಿಂದಲೇ ತಂದೆತಾಯಿಗಳನ್ನು ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಮೈಕಟ್ಟಿನಲ್ಲಿ ವಂಶದ ಪಾಲು ಸಣ್ಣದಲ್ಲ. ಆದರೆ ಮನೆಗೆ ಯಾವ ಸಾಮಾನು ಬರಬೇಕು, ಅದು ಯಾವ ಕಪಾಟಿನಲ್ಲಿ ಕಣ್ಣಿಗೆ ಬೀಳುವಂತಿರಬೇಕು, ಸಂಜೆ ಟೆಲಿವಿಷನ್ ಮುಂದೆ ಕೂರಬೇಕೇ ಹೊರಗೆ ನಡೆಯಬೇಕೇ ಎಂಬುದನ್ನು ಎಂಟು ವರ್ಷದ ಮಗು ನಿರ್ಧರಿಸುವುದಿಲ್ಲ. ತಾನು ನಡೆಸದ ಮನೆಯ ಹೊಣೆಯನ್ನು ಅದರ ತಲೆಗೆ ಕಟ್ಟುವುದು ಯಾವ ಲೆಕ್ಕ?

ಚಿಕಿತ್ಸೆಯ ಕ್ರಮ ಸರಳವಾದುದು. ತಿನಿಸುಗಳನ್ನೆಲ್ಲ ರಸ್ತೆಯ ಸಂಚಾರ ದೀಪಗಳಂತೆ ಮೂರು ಬಣ್ಣಗಳಲ್ಲಿ ಗುರುತಿಸುತ್ತಾರೆ. ತರಕಾರಿಗಳಂಥವು ಹಸಿರು, ಧಾರಾಳವಾಗಿ ತಿನ್ನಬಹುದು, ಹಳದಿಯವು ಹಿತಮಿತವಾಗಿ, ಸಕ್ಕರೆ, ಕೊಬ್ಬು ತುಂಬಿದವು ಕೆಂಪು, ಅಪರೂಪಕ್ಕೆ. ಓದು ಬರುವ ಮುನ್ನವೇ ಮಗುವಿಗೆ ಅರ್ಥವಾಗುವ ಭಾಷೆಯಿದು. ತಿಂದದ್ದನ್ನೂ ಆಡಿದ್ದನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಹೆತ್ತವರೂ ತಮ್ಮದನ್ನು ಬರೆಯಬೇಕು. ಗುರಿ ಮುಟ್ಟಿದ ವಾರ ಮಗುವಿಗೆ ಬಹುಮಾನವುಂಟು. ಆದರೆ ಅದು ತಿಂಡಿಯಲ್ಲ, ತಂದೆಯ ಜೊತೆ ಉದ್ಯಾನಕ್ಕೆ ಹೋಗುವಂಥದು. ಉಪವಾಸದ ಮಾತೇ ಇಲ್ಲ. ಬೆಳೆಯುವ ಮಗುವಿಗೆ ಎಷ್ಟೋ ವೇಳೆ ತೂಕ ಇಳಿಯಬೇಕಾಗಿಯೂ ಇಲ್ಲ. ತೂಕ ನಿಂತಲ್ಲಿ ನಿಂತು ಎತ್ತರ ಏರಿದರೆ ಮೈ ತಾನಾಗಿ ಹದಕ್ಕೆ ಬರುತ್ತದೆ.

ಇಷ್ಟಾದರೂ ಈ ಚಿಕಿತ್ಸೆ ಬಹುಕಾಲ ವಿಶ್ವವಿದ್ಯಾಲಯಗಳ ವಿಶೇಷ ಕೇಂದ್ರಗಳಲ್ಲೇ ಉಳಿಯಿತು. ದೂರದ ಕೇಂದ್ರಕ್ಕೆ ವಾರವಾರವೂ ಮಗುವನ್ನು ಕರೆದೊಯ್ಯಬಲ್ಲ ಕುಟುಂಬಗಳೆಷ್ಟು? ನೆಗಡಿಗೂ ಚುಚ್ಚುಮದ್ದಿಗೂ ಹೋಗುವ ಪರಿಚಿತ ಮಕ್ಕಳ ವೈದ್ಯರಲ್ಲಿಯೇ ಇದು ದೊರೆತರೆ ಹೇಗೆಂಬ ಪ್ರಶ್ನೆಗೆ ಬಫಲೋ, ರಾಚೆಸ್ಟರ್, ಕೊಲಂಬಸ್, ಸೇಂಟ್ ಲೂಯಿಸ್ ನಗರಗಳಲ್ಲಿ ಉತ್ತರ ಹುಡುಕಿದರು. ೪೫೨ ಕುಟುಂಬಗಳನ್ನು ಆರಿಸಿ, ಅರ್ಧದಷ್ಟು ಮಕ್ಕಳಿಗೆ ಎಂದಿನ ವೈದ್ಯೋಪಚಾರವನ್ನೂ ಉಳಿದವರಿಗೆ ಅದರೊಂದಿಗೆ ಕುಟುಂಬ ಚಿಕಿತ್ಸೆಯನ್ನೂ ಒದಗಿಸಿದರು. ತರಬೇತಿ ಪಡೆದ ಮಾರ್ಗದರ್ಶಕರು ಎರಡು ವರ್ಷಗಳಲ್ಲಿ ಹೆಚ್ಚೆಂದರೆ ೨೬ ಬಾರಿ ಕುಟುಂಬದೊಡನೆ ಕುಳಿತು ಮಾತನಾಡಿದರು.

ಫಲ ೨೦೨೩ರಲ್ಲಿ ಹೊರಬಿತ್ತು. ಅದು ಪವಾಡವಲ್ಲ. ವಯಸ್ಸಿಗೆ ತಕ್ಕ ನಡುಮಟ್ಟವನ್ನು ಮಗುವಿನ ದೇಹದ ತೂಕ ಎಷ್ಟು ಮೀರಿದೆಯೆಂದು ಅಳೆದಾಗ, ಎಂದಿನ ಉಪಚಾರ ಪಡೆದವರಲ್ಲಿ ಎರಡು ವರ್ಷಗಳಲ್ಲಿ ಆ ಅಂತರ ಶೇಕಡಾ ಸುಮಾರು ಆರರಷ್ಟು ಬೆಳೆದಿತ್ತು; ಕುಟುಂಬ ಚಿಕಿತ್ಸೆಯ ಮಕ್ಕಳಲ್ಲಿ ಇದ್ದಲ್ಲೇ ನಿಂತಿತ್ತು. ಏರುತ್ತಲೇ ಹೋಗುವ ರೋಗವನ್ನು ನಿಲ್ಲಿಸುವುದೂ ಗೆಲುವೇ. ಹೆತ್ತವರ ತೂಕವೂ ಹತೋಟಿಗೆ ಬಂತು. ಎಲ್ಲಕ್ಕಿಂತ ಸೋಜಿಗದ್ದು ಒಡಹುಟ್ಟಿದವರ ಸಂಗತಿ: ಚಿಕಿತ್ಸೆಗೆ ಸೇರದೆ ಮನೆಯಲ್ಲೇ ಇದ್ದ ಅಣ್ಣತಮ್ಮಂದಿರು, ಅಕ್ಕತಂಗಿಯರು ಸಹ ಹೆಚ್ಚುಕಡಿಮೆ ಅಷ್ಟೇ ಪ್ರಯೋಜನ ಪಡೆದಿದ್ದರು. ಅಡಿಗೆಮನೆ ಬದಲಾದಾಗ ಅದು ಯಾರ ಹೆಸರು ದಾಖಲೆಯಲ್ಲಿದೆಯೆಂದು ಕೇಳುವುದಿಲ್ಲವಷ್ಟೆ!

ಅದೇ ವರ್ಷದ ಜನವರಿಯಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ತನ್ನ ಸದಸ್ಯರಿಗೆ ನೀಡಿದ ಸೂಚನೆಯಲ್ಲಿ, ಕಾದು ನೋಡುವ ಹಳೆಯ ಕ್ರಮವನ್ನು ಬಿಟ್ಟು, ಮೂರರಿಂದ ಹನ್ನೆರಡು ತಿಂಗಳಲ್ಲಿ ೨೬ ಗಂಟೆಗಳಾದರೂ ಕುಟುಂಬದೊಡನೆ ಮುಖಾಮುಖಿಯಾಗಿ ಕಳೆಯಬೇಕೆಂದು ಹೇಳಿತು. ಆದರೆ ಹೊರಗೆ ರೋಗಿಗಳ ಸಾಲು ಕಾದಿರುವಾಗ ವೈದ್ಯರು ಒಂದು ಮಗುವಿಗೆ ಕೊಡಬಲ್ಲದ್ದು ಕೆಲವೇ ನಿಮಿಷಗಳು. ಉಳಿದ ಗಂಟೆಗಳಿಗೆ ಮಾರ್ಗದರ್ಶಕರು ಬೇಕು, ಅವರಿಗೆ ಸಂಬಳ ಬೇಕು. ಆ ವೆಚ್ಚವನ್ನು ವಿಮೆಯವರು ಹೊರಬೇಕೋ ಹೆತ್ತವರೋ ಎಂಬ ಚರ್ಚೆ ಅಲ್ಲಿ ಇನ್ನೂ ಬಗೆಹರಿದಿಲ್ಲ.