ಮಣ್ಣಲ್ಲಿ ಬಿದ್ದು ಟ್ರ್ಯಾಕಲ್ಲಿ ಎದ್ದೆ!

‘ಯಾಕೆ ಬಿದ್ದೆ ಅಂತ ಹೇಳು. ಆಮೇಲೆ ಬೈಕ್ ಕೀ ಕೇಳು.’

ಎಡಗೈಯನ್ನು ಜೋಲಿಯಲ್ಲಿಟ್ಟುಕೊಂಡು ಹಾಸನದ ಮನೆಗೆ ಬಂದ ನನಗೆ ಅಪ್ಪ ಹೇಳಿದ್ದು ಇಷ್ಟೇ. ಅಪ್ಪ ಸಾರಿಗೆ ಬಸ್ ಚಾಲಕರು. ಮಳೆಗಾಲದ ಶಿರಾಡಿ ಘಾಟಿಯಲ್ಲಿ ವರ್ಷಗಟ್ಟಲೆ ಬಸ್ ಓಡಿಸಿದವರು. ‘ಟೈರ್ ಜಾರ್ತು ಅಪ್ಪ’ ಅಂದೆ. ‘ಜಾರೋದು ಟೈರಿನ ಗುಣ ಕಣೋ. ಜಾರಿದಾಗ ನೀನೇನು ಮಾಡ್ದೆ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಬಿಇ ಓದುತ್ತಿದ್ದೇನೆ. ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಉಳಿಸಿದ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಯಮಹಾ ಆರ್15 ಕೊಂಡಿದ್ದೆ. ರಸ್ತೆಯಲ್ಲಿ ಹಾರಾಡುವುದಿಲ್ಲ, ವೇಗ ಏನಿದ್ದರೂ ಟ್ರ್ಯಾಕಿನಲ್ಲಿ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದೆ. ಅದಕ್ಕಾಗಿ ಗೆಳೆಯರ ಜತೆ ರಾತ್ರಿಯಿಡೀ ಪ್ರಯಾಣ ಮಾಡಿ ತಮಿಳುನಾಡಿನ ಟ್ರ್ಯಾಕಿಗೆ ಹೋಗುತ್ತಿದ್ದೆ.

ಮೂರನೇ ಸಲ ಹೋದಾಗ ಆದದ್ದು ಇದು. ಒಂದು ತಿರುವಿನಲ್ಲಿ ಸ್ವಲ್ಪ ಅಗಲಕ್ಕೆ ಹೋದೆ. ಎಲ್ಲರೂ ಓಡಿಸುವ ಜಾಡು ಬಿಟ್ಟರೆ ಪಕ್ಕದಲ್ಲಿ ಧೂಳಿರುತ್ತದೆ. ಹಿಂದಿನ ಚಕ್ರ ಒಂದಿಷ್ಟು ಸರಿಯಿತು. ಎದೆ ಧಸಕ್ಕೆಂದಿತು. ಮುಂದಿನ ಕ್ಷಣ ನಾನು ನೆಲದ ಮೇಲೆ, ಬೈಕ್ ಹುಲ್ಲಿನ ಮೇಲೆ! ಕಾಲರ್ ಬೋನ್ ಬಿರುಕು ಬಿಟ್ಟಿತ್ತು. ಆರು ವಾರ ಬೈಕ್ ಮುಟ್ಟುವಂತಿರಲಿಲ್ಲ, ಒಂದು ಇಂಟರ್ನಲ್ಸ್ ಕೂಡ ಕೈತಪ್ಪಿತು. ಮೂಳೆ ಕೂಡಿಕೊಂಡಿತು, ಭಯ ಮಾತ್ರ ಹೋಗಲಿಲ್ಲ. ಗೆಳೆಯನ ಬೈಕಿನ ಹಿಂದೆ ಕೂತಾಗಲೂ ತಿರುವು ಬಂದರೆ ಮೈ ಸೆಟೆದುಕೊಳ್ಳುತ್ತಿತ್ತು. ಬೈಕ್ ಮಾರಿಬಿಡೋಣ ಅಂದುಕೊಂಡೆ.

ಆಗ ಹಾಸ್ಟೆಲ್ ಗೆಳೆಯ ಹೇಳಿದ, ‘ಮಗಾ, ಮಾರೋ ಮುಂಚೆ ಒಂದ್ಸಲ ಮಣ್ಣಲ್ಲಿ ಓಡಿಸಿ ನೋಡು.’

ನನಗೆ ನಗು ಬಂತು. ಡಾಂಬರಿನ ಮೇಲೆ ಬಿದ್ದವನಿಗೆ ಮಣ್ಣು ಔಷಧಿಯೇ? ಆದರೆ ಓದುತ್ತಾ ಹೋದಂತೆ ಅಚ್ಚರಿಯಾಯಿತು. 1978ರಿಂದ ಸತತ ಮೂರು ವರ್ಷ 500 ಸಿಸಿ ವಿಶ್ವ ಚಾಂಪಿಯನ್ ಆದ ಅಮೆರಿಕದ ಕೆನ್ನಿ ರಾಬರ್ಟ್ಸ್ ಬೆಳೆದದ್ದು ಮಣ್ಣಿನ ಟ್ರ್ಯಾಕಿನಲ್ಲಿ. 2006ರ ಮೋಟೊಜಿಪಿ ಚಾಂಪಿಯನ್ ನಿಕಿ ಹೇಡನ್ ಕೂಡ ಅಲ್ಲಿಂದಲೇ ಬಂದವರು. ವ್ಯಾಲೆಂಟಿನೊ ರೊಸ್ಸಿ ಇಟಲಿಯ ತಮ್ಮೂರು ತವುಲ್ಲಿಯಾದಲ್ಲಿ ಮಣ್ಣಿನ ಟ್ರ್ಯಾಕ್ ಕಟ್ಟಿಸಿ, ಅಲ್ಲೇ ಶಿಷ್ಯರನ್ನು ಪಳಗಿಸಿದರು. ಅವರಲ್ಲೊಬ್ಬರಾದ ಫ್ರಾನ್ಸೆಸ್ಕೊ ಬನ್ಯಾಯಾ 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್. ನಮ್ಮವರೂ ಕಡಿಮೆಯಿಲ್ಲ. 2015ರಲ್ಲಿ ಡಕಾರ್ ರ‍್ಯಾಲಿ ಪೂರ್ಣಗೊಳಿಸಿದ ಬೆಂಗಳೂರಿನ ಸಿ.ಎಸ್. ಸಂತೋಷ್ ಕೋಲಾರದ ಬಳಿ ಮಣ್ಣಿನ ಬೈಕ್ ಓಡಿಸುವುದನ್ನು ಕಲಿಸಲೆಂದೇ ಬಿಗ್ ರಾಕ್ ಡರ್ಟ್‌ಪಾರ್ಕ್ ಕಟ್ಟಿದರು. ಉಡುಪಿಯ ಕೆ.ಪಿ. ಅರವಿಂದ್ ಮೋಟೊಕ್ರಾಸ್‌ನಿಂದಲೇ ಡಕಾರ್‌ವರೆಗೆ ಹೋದವರು.

ಕೊನೆಗೆ ಬೆಂಗಳೂರಿನ ಹೊರವಲಯದ ಒಂದು ತರಬೇತಿ ಮೈದಾನಕ್ಕೆ ಹೋದೆ. ಬಾಡಿಗೆಗೆ ಹೀರೊ ಎಕ್ಸ್‌ಪಲ್ಸ್ ಸಿಕ್ಕಿತು. ಕಲಿಸುವ ಅಣ್ಣ ಹೇಳಿದ ಮೊದಲ ಪಾಠ ಕೇಳಿಯೇ ಬೆವರಿದೆ. ‘ನೇರ ಹೋಗು, ಹಿಂದಿನ ಬ್ರೇಕ್ ಪೂರ್ತಿ ಒತ್ತು, ಜಾರಿಸು.’ ಯಾವುದಕ್ಕೆ ಹೆದರಿ ಓಡಿ ಬಂದಿದ್ದೆನೋ ಅದನ್ನೇ ಬೇಕಂತ ಮಾಡಬೇಕು!

ಮೊದಲ ದಿನ 11 ಸಲ ಬಿದ್ದೆ. ಆದರೆ ವೇಗ ಗಂಟೆಗೆ 20–25 ಕಿ.ಮೀ. ಅಷ್ಟೇ, ಕೆಳಗೆ ಕೆಮ್ಮಣ್ಣು, ಮೈಮೇಲೆ ಮೊಣಕಾಲು, ಮೊಣಕೈ, ಎದೆಯ ರಕ್ಷಾಕವಚ. ಎದ್ದು ಮಣ್ಣು ಕೊಡವಿ ಮತ್ತೆ ಬೈಕ್ ಸ್ಟಾರ್ಟ್ ಮಾಡುವುದು. ಮಣ್ಣಾದ ಜೆರ್ಸಿಯ ಫೋಟೊ ಕಳಿಸಿದರೆ ಅಮ್ಮ, ‘ಏನೋ ಇದು, ಗದ್ದೆ ಉತ್ತು ಬಂದ್ಯಾ?’ ಅಂದಳು.

ಕೆಲವು ವಾರಾಂತ್ಯ ಕಳೆದ ಮೇಲೆ ಒಂದೊಂದಾಗಿ ಅರ್ಥವಾಗತೊಡಗಿತು. ಡಾಂಬರಿನಲ್ಲಿ ಟೈರಿನ ಹಿಡಿತ ಹೆಚ್ಚು. ಆದರೆ ಅದು ತಪ್ಪಿದರೆ ಒಮ್ಮೆಲೇ ತಪ್ಪುತ್ತದೆ, ಯೋಚಿಸಲು ಸಮಯವೇ ಇರುವುದಿಲ್ಲ. ಸಡಿಲ ಮಣ್ಣಿನಲ್ಲಿ ಹಿಡಿತ ಕಡಿಮೆ, ಜಾರುವುದು ಮಾತ್ರ ನಿಧಾನ. ಹಿಂದಿನ ಚಕ್ರ ಸರಿಯುತ್ತಿದೆ ಎಂದು ಸೊಂಟಕ್ಕೆ ಗೊತ್ತಾಗುತ್ತದೆ, ಆಕ್ಸಿಲೇಟರ್ ಅಷ್ಟೇ ಹಿಡಿದು ಕಾಯಲು ಸಮಯ ಸಿಗುತ್ತದೆ. ತಿರುವಿನ ಕೊನೆಯ ಕಡೆ ನೋಡುತ್ತಾ ಕೈ ಸಡಿಲ ಬಿಟ್ಟರೆ ಹೆಚ್ಚಿನ ಸಲ ಬೈಕ್ ತಾನೇ ನೆಟ್ಟಗಾಗುತ್ತದೆ. ಗಾಬರಿಯಲ್ಲಿ ಹ್ಯಾಂಡಲ್ ಬಿಗಿಹಿಡಿದರೆ ಮಾತ್ರ ನೆಲವೇ ಗತಿ. ಮೊದಲ ವರ್ಷ ಘರ್ಷಣೆಯ ಲೆಕ್ಕಗಳನ್ನು ಉರು ಹೊಡೆದು ಪಾಸಾಗಿದ್ದೆ. ಅದು ತಲೆಗೆ ಹೋದದ್ದು ಈ ಮೈದಾನದಲ್ಲಿ.

ಹಾಗಂತ ಮಣ್ಣಿನ ವಿದ್ಯೆಯೆಲ್ಲ ಟ್ರ್ಯಾಕಿಗೆ ನೇರ ಒಗ್ಗುವುದಿಲ್ಲ. ಮಣ್ಣಿನ ತಿರುವಿನಲ್ಲಿ ಬೈಕನ್ನು ಒಳಕ್ಕೆ ವಾಲಿಸಿ ಮೈ ನೇರ ಇಟ್ಟು ಹೊರಗಿನ ಫುಟ್‌ಪೆಗ್ ಮೇಲೆ ಭಾರ ಹಾಕಬೇಕು. ಟ್ರ್ಯಾಕಿನಲ್ಲಿ ತದ್ವಿರುದ್ಧ, ಬೈಕಿಗಿಂತ ಮೊದಲು ಮೈ ಒಳಕ್ಕೆ ಇಳಿಯಬೇಕು. ಕೂರುವ ರೀತಿ ಬೇರೆ ಬೇರೆ. ಎರಡೂ ಕಡೆ ಉಪಯೋಗಕ್ಕೆ ಬರುವುದು ನೋಟ, ಸಡಿಲ ಕೈ ಮತ್ತು ಹೆದರದ ಮನಸ್ಸು.

ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ ಪಕ್ಕ ಕೂತು ಹೇಳಿದೆ, ‘ಅಪ್ಪ, ಅವತ್ತು ನನ್ನ ಬೀಳಿಸಿದ್ದು ಟೈರಲ್ಲ, ನನ್ನ ಬಲಗೈ. ಹಿಂದಿನ ಚಕ್ರ ಸರಿದದ್ದು ಸ್ವಲ್ಪವೇ. ನಾನು ಹೆದರಿ ಮುಂದಿನ ಬ್ರೇಕ್ ಗಬಕ್ಕನೆ ಹಿಡಿದೆ.’ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಬಸ್ಸಲ್ಲೂ ಅಷ್ಟೇ ಕಣೋ’ ಎಂದು ಎದ್ದು ಹೋಗಿ ಬೀರುವಿನಿಂದ ಕೀ ತಂದುಕೊಟ್ಟರು.

ಜನವರಿಯಲ್ಲಿ ಮತ್ತೆ ಅದೇ ಟ್ರ್ಯಾಕ್, ಅದೇ ತಿರುವು. ನಾಲ್ಕನೇ ಸುತ್ತಿನಲ್ಲಿ ಹಿಂದಿನ ಚಕ್ರ ಮತ್ತೆ ಒಂದಿಷ್ಟು ಸರಿಯಿತು. ಎದೆ ಧಸಕ್ಕೆಂದದ್ದು ನಿಜ. ಆದರೆ ಕೈ ಬಿಗಿಯಲಿಲ್ಲ. ಕಣ್ಣು ತಿರುವಿನಾಚೆಗಿತ್ತು. ಬೈಕ್ ಒಮ್ಮೆ ಮೈ ಕೊಡವಿ ಸುಮ್ಮನಾಯಿತು. ಅವತ್ತು ನನ್ನ ಲ್ಯಾಪ್ ಟೈಮ್ ಎರಡು ಸೆಕೆಂಡ್ ಇಳಿದಿತ್ತು. ಆದರೆ ರಾತ್ರಿ ಅಪ್ಪನಿಗೆ ಫೋನ್ ಮಾಡಿದಾಗ ನಾನು ಹೇಳಿದ್ದು ಆ ತಿರುವಿನ ವಿಷಯ ಮಾತ್ರ.

ಮಣ್ಣು ಮೆತ್ತಗಿದೆ ಎಂದು ಹಗುರವಾಗಿ ನೋಡಬೇಡಿ. 2017ರಲ್ಲಿ ಇಂಥದೇ ಅಭ್ಯಾಸದಲ್ಲಿ ರೊಸ್ಸಿಯ ಕಾಲೇ ಮುರಿದಿತ್ತು. ಹೆಲ್ಮೆಟ್, ಬೂಟು, ರಕ್ಷಾಕವಚ, ಕಲಿಸುವವರು, ಮುಚ್ಚಿದ ಮೈದಾನ ಇಷ್ಟೂ ಬೇಕೇ ಬೇಕು. ನಂದಿ ಬೆಟ್ಟದ ದಾರಿಯಲ್ಲಿ ಬೆಳಗಿನ ಜಾವ ವೀಲಿ ಹೊಡೆಯುವ ಗೆಳೆಯರೇ, ಧೈರ್ಯ ತೋರಿಸಲು ಅದು ಜಾಗವಲ್ಲ. ಒಂದು ಭಾನುವಾರ ಮಣ್ಣಿಗೆ ಬನ್ನಿ. ನಿಮಗೆ ಎಷ್ಟು ಬರುತ್ತದೆ, ಎಷ್ಟು ಬರುವುದಿಲ್ಲ ಎಂದು ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ. ನನಗೂ ಹಾಗೇ ಗೊತ್ತಾಯಿತು.