ಆಪರೇಷನ್ ಆಗಲ್ಲ ಅಂದ್ರೆ ಎಲ್ಲಾ ಮುಗೀತು ಅಂತಲ್ಲ: ಗುದನಾಳದ ಕ್ಯಾನ್ಸರ್‌ಗೆ ‘ಫ್ರೀಜಿಂಗ್’ ಚಿಕಿತ್ಸೆ ಅಂದ್ರೇನು?

ಗುದನಾಳದ ಕ್ಯಾನ್ಸರ್ ಜಾಸ್ತಿ ಹಬ್ಬಿದ್ರೆ, ಇಲ್ಲಾ ರೋಗಿಗೆ ವಯಸ್ಸಾಗಿ ಹಾರ್ಟ್ ವೀಕ್ ಇದ್ರೆ ಡಾಕ್ಟರ್ ‘ಆಪರೇಷನ್ ಆಗಲ್ಲ’ ಅಂತಾರೆ. ಎಷ್ಟೋ ಮನೆಯವರು ಅಲ್ಲಿಗೇ ಕೈಚೆಲ್ಲಿ ಊರಿಗೆ ಕರ್ಕೊಂಡು ಬರ್ತಾರೆ. ಆದರೆ ಗಡ್ಡೆ ತೆಗೆಯೋಕೆ ಆಗದಿದ್ದರೂ ಅದರ ಹಿಂಸೆ ಕಡಿಮೆ ಮಾಡಬಹುದು. ಅದಕ್ಕಿರುವ ಒಂದು ದಾರಿ ಕ್ರಯೋಥೆರಪಿ, ಅಂದರೆ ಗಡ್ಡೆಯನ್ನು ಹೆಪ್ಪುಗಟ್ಟಿಸಿ ಸಾಯಿಸೋದು.

ಹೇಗೆ ಮಾಡ್ತಾರೆ?
ಪಶು ಆಸ್ಪತ್ರೆಯಲ್ಲಿ ಕೃತಕ ಗರ್ಭಧಾರಣೆಯ ಕಡ್ಡಿ ಇಡುವ ಕ್ಯಾನ್ ನೋಡಿರ್ತೀರಿ. ಮುಚ್ಚಳ ತೆಗೆದರೆ ಬಿಳಿ ಹೊಗೆ ಬರುತ್ತಲ್ಲ, ಅದರೊಳಗಿರೋದು ಮೈನಸ್ 196 ಡಿಗ್ರಿಯ ದ್ರವ ಸಾರಜನಕ. 1961ರಲ್ಲಿ ಅಮೆರಿಕದ ಡಾ. ಇರ್ವಿಂಗ್ ಕೂಪರ್ ಇದೇ ದ್ರವದಿಂದ ತಣ್ಣಗಾಗುವ ಸಲಕರಣೆಯನ್ನು ಶಸ್ತ್ರಚಿಕಿತ್ಸೆಗೆ ತಂದರು. ಗುದದ್ವಾರದ ಮೂಲಕ ಕೊಳವೆ ಹಾಕಿ, ಅಂಥ ಸಲಕರಣೆಯ ತುದಿಯನ್ನು ಗಡ್ಡೆಗೆ ತಾಗಿಸ್ತಾರೆ. ಹೆಪ್ಪುಗಟ್ಟಿಸಿ, ಕರಗಲು ಬಿಟ್ಟು, ಮತ್ತೆ ಹೆಪ್ಪುಗಟ್ಟಿಸ್ತಾರೆ. ಹೊಟ್ಟೆ ಕುಯ್ಯೋ ಹಾಗಿಲ್ಲ. ಸತ್ತ ಭಾಗ ಮುಂದಿನ ದಿನಗಳಲ್ಲಿ ಕಳಚಿ ಬೀಳುತ್ತೆ. ಆಗ ವಾಸನೆಯ ನೀರು ಹೋಗೋದು ಸಹಜ, ಗಾಬರಿ ಬೇಡ. ಆದರೆ ರಕ್ತ ಜಾಸ್ತಿ ಹೋದರೆ, ಜ್ವರ ಅಥವಾ ಹೊಟ್ಟೆನೋವು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಏನು ಲಾಭ?
ರಕ್ತ, ಲೋಳೆ ಹೋಗೋದು ಕಡಿಮೆಯಾಗಬಹುದು. ಮಲ ಹೋಗೋ ದಾರಿ ಬಿಡುವಾಗಬಹುದು. ಗಡ್ಡೆ ಮತ್ತೆ ಬೆಳೆದರೆ ಮತ್ತೆ ಮಾಡಿಸಬೇಕಾಗುತ್ತೆ. ನರಕ್ಕೆ ಹಬ್ಬಿದ ನೋವಿಗೆ ಇದು ಸಾಲದು, ರೇಡಿಯೇಷನ್, ಮಾರ್ಫಿನ್ ಬೇಕಾಗಬಹುದು.

ನೆನಪಿಡಿ, ಇದರಿಂದ ಕ್ಯಾನ್ಸರ್ ವಾಸಿಯಾಗಲ್ಲ. ಲಿವರ್‌ಗೆ ಹಬ್ಬಿದ್ದು ಹಾಗೇ ಇರುತ್ತೆ. ‘ಫ್ರೀಜ್ ಮಾಡಿ ಪೂರ್ತಿ ಗುಣ ಮಾಡ್ತೀವಿ’ ಅಂತ ಯಾರಾದರೂ ಹೇಳಿದರೆ ಜಮೀನು ಅಡ ಇಡೋ ಮುಂಚೆ ಇನ್ನೊಬ್ಬ ಕ್ಯಾನ್ಸರ್ ತಜ್ಞರನ್ನು ಕೇಳಿ. ಲೇಸರ್, ಸ್ಟೆಂಟ್, ಹೊಟ್ಟೆ ಮೇಲೆ ಚೀಲ ಕಟ್ಟುವ ಕೊಲಾಸ್ಟಮಿ ಕೂಡ ಇವೆ. ನಿಮ್ಮ ರೋಗಿಗೆ ಯಾವುದು ಸರಿ ಅಂತ ಕೇಳೋಕೆ ಸಂಕೋಚ ಬೇಡ.

ಎಲ್ಲಿ ಕೇಳಬೇಕು?
ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಸರ್ಕಾರಿ ಕ್ಯಾನ್ಸರ್ ಸಂಸ್ಥೆ. ಅಲ್ಲಿ ‘ಪ್ಯಾಲಿಯೇಟಿವ್ ಕೇರ್’ ಅಂತ ಕೇಳಿ. ಚಿಕಿತ್ಸೆಗೆ ಮೀರಿದ ಕ್ಯಾನ್ಸರ್ ರೋಗಿಗಳನ್ನು ಬೆಂಗಳೂರಿನ ಕರುಣಾಶ್ರಯದಲ್ಲಿ ಉಚಿತವಾಗಿ ನೋಡ್ಕೋತಾರೆ.

ಕೊನೆಯದಾಗಿ, ಮಲದಲ್ಲಿ ರಕ್ತ ಬಂದರೆ ಪೈಲ್ಸ್ ಅಂತ ನೀವೇ ತೀರ್ಮಾನ ಮಾಡಿ ಮೆಡಿಕಲ್ ಸ್ಟೋರ್ ಮುಲಾಮು ಹಚ್ಕೊಂಡು ಕೂರಬೇಡಿ. ಬೇಗ ಗೊತ್ತಾದರೆ ಈ ಕ್ಯಾನ್ಸರ್‌ಗೆ ಆಪರೇಷನ್ ಆಗುತ್ತೆ, ವಾಸಿಯೂ ಆಗುತ್ತೆ.