ರಾಡಿಯ ಕೆಳಗಿನ ಫರ್ಸಿ

ಕಲಬುರಗಿಯ ಹಳೆಯ ಓಣಿ. ಮನೆಯಲ್ಲಿ ಮದುವೆ ಗೊತ್ತಾಗಿದೆ. ಸುಣ್ಣಬಣ್ಣಕ್ಕಿಂತ ಮೊದಲು ನೆಲದ ಕೆಲಸ ಮುಗಿಯಬೇಕು. ಮಂಚ, ಕಪಾಟು, ಜೋಳದ ಚೀಲ, ದೇವರ ಫೋಟೋ ಎಲ್ಲ ಅಂಗಳಕ್ಕೆ ಬಂದು ಕೂತಿವೆ. ಪಡಸಾಲೆಯ ಗೋಡೆಗಳಿಗೆ ಮೊಣಕಾಲೆತ್ತರದವರೆಗೆ ಪ್ಲಾಸ್ಟಿಕ್ ಹಾಳೆ. ಒಳಗೆ ಪಾಲಿಶ್ ಮಷೀನಿನ ಅಬ್ಬರಕ್ಕೆ ಪಕ್ಕದವರ ಮಾತೂ ಕೇಳುವುದಿಲ್ಲ. ಮಿಸ್ತ್ರಿ ಹಿಡಿಕೆಯನ್ನು ಸೊಂಟಕ್ಕೆ ಆನಿಸಿಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತ, ಗೇಣುಗೇಣಾಗಿ ಹಿಂದೆ ಸರಿಯುತ್ತಿದ್ದಾರೆ. ಕರೆಂಟಿನ ವೈರು ನೀರಿಗೆ ತಾಗಬಾರದೆಂದು ಅವರ ಹೆಗಲೇರಿದೆ. ಮಗ್ಗಿನಿಂದ ನೀರು ಚೆಲ್ಲುವ ಹುಡುಗ ಮಾತ್ರ ಅದೇ ನೀರಿನಲ್ಲಿ ಬರಿಗಾಲಲ್ಲಿ ನಿಂತಿದ್ದಾನೆ. ಅವನಿಗೊಂದು ಜೊತೆ ರಬ್ಬರ್ ಬೂಟು ಕೊಡಿಸಿದ್ದರೆ ನೋಡುವವರ ಜೀವಕ್ಕೂ ಸಮಾಧಾನವಿರುತ್ತಿತ್ತು.

ಕಾಲಕೆಳಗಿರುವುದು ಶಹಾಬಾದ್ ಕಲ್ಲು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತಿನ ನೆಲದಡಿ ಪದರಪದರವಾಗಿ ಮಲಗಿರುವ ಸುಣ್ಣಕಲ್ಲು ಇದು. ಪದರದ ಸಂದಿಗೆ ಬೆಣೆ ಹೊಡೆದರೆ ಚಪ್ಪಟೆ ಹಾಸುಗಲ್ಲಾಗಿಯೇ ಏಳುತ್ತದೆ; ಅದೇ ಫರ್ಸಿ. ಅದಕ್ಕೇ ಈ ಸೀಮೆಯಲ್ಲಿ ನೆಲಕ್ಕೂ ಫರ್ಸಿ, ಅಟ್ಟಕ್ಕೂ ಫರ್ಸಿ, ಹೊಲದ ಬದುವಿಗೂ ಫರ್ಸಿ. ಕಾಗಿಣಾ ದಂಡೆಯ ಮಳಖೇಡದ ಕೋಟೆಗೋಡೆಯಲ್ಲಿರುವುದೂ ಇಲ್ಲಿಯದೇ ಸುಣ್ಣಕಲ್ಲು. 1871ರಲ್ಲಿ ಮುಂಬೈ ಮತ್ತು ಮದ್ರಾಸಿನ ರೈಲುದಾರಿಗಳು ರಾಯಚೂರಿನಲ್ಲಿ ಕೂಡಿಕೊಂಡವು. ಆ ದಾರಿ ಶಹಾಬಾದ್, ವಾಡಿಗಳ ಮೇಲೆಯೇ ಹಾಯುತ್ತದೆ. ಹೀಗಾಗಿ ಮುಂಬೈ, ಪುಣೆಗಳ ಹಳೆಯ ಮನೆಗಳಲ್ಲೂ ಈ ಕಲ್ಲು ಸಿಗುತ್ತದೆ. ಈಗ ಇದೇ ಕಲ್ಲು ವಾಡಿಯ ಸಿಮೆಂಟ್ ಭಟ್ಟಿಗೂ ಹೋಗುತ್ತದೆ.

ಈ ಕಲ್ಲು ಗ್ರಾನೈಟಿನಷ್ಟು ಗಟ್ಟಿಯಲ್ಲ. ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗೆ ಅಂಕ ಕೊಡುವ ಮೋಸ್ ಪಟ್ಟಿಯಲ್ಲಿ ಸುಣ್ಣಕಲ್ಲಿನ ಮುಖ್ಯ ಖನಿಜ ಕ್ಯಾಲ್ಸೈಟಿಗೆ ಬರುವುದು 3. ಚಪ್ಪಲಿಗೆ ಅಂಟಿ ಬರುವ ಮರಳಿನ ಕಣಕ್ಕೆ 7. ಫರ್ಸಿ ಸವೆಯುವುದು ಕಾಲಿನಿಂದಲ್ಲ, ಕಾಲು ಹೊತ್ತು ತರುವ ಮರಳಿನಿಂದ. ತಲೆಬಾಗಿಲಿನಿಂದ ಅಡುಗೆಮನೆಯತ್ತ ಹೋಗುವ ದಾರಿ ಮಂಕಾಗಿದೆ. ದೇವರಮನೆಯ ಮುಂದಿನ ಕಲ್ಲು ಬರಿಗಾಲು ಉಜ್ಜಿ ಉಜ್ಜಿ ನುಣುಪಾಗಿದೆ. ಒಲೆಯ ಹತ್ತಿರ ಹುಣಸೆಹುಳಿ ಚೆಲ್ಲಿದಲ್ಲೆಲ್ಲ ಬಿಳಿ ಕಲೆ. ಅದು ಕೊಳೆಯಲ್ಲ, ಹುಳಿ ತಿಂದ ಗಾಯ; ಎಷ್ಟು ತೊಳೆದರೂ ಹೋಗದು. ಬಚ್ಚಲ ಬಾಗಿಲಲ್ಲಿ ಆ್ಯಸಿಡ್ ಸುರಿದವರ ಉಪಕಾರ ಇನ್ನೂ ದೊಡ್ಡದು. ಅಲ್ಲಿ ಕಲ್ಲು ನೊರೆಯೆದ್ದು, ಕೈಯಾಡಿಸಿದರೆ ಪುಡಿ ಅಂಟುವಷ್ಟು ಒರಟಾಗಿದೆ.

ಮಷೀನು ಮನೆಯೊಳಗೆ ಬರುವ ಮೊದಲೇ ಅರ್ಧ ಕೆಲಸ ಆಗಿತ್ತು. ಮಿಸ್ತ್ರಿ ಕುಕ್ಕರಗಾಲಲ್ಲಿ ಕೂತು ಸುತ್ತಿಗೆಯ ಹಿಡಿಯಿಂದ ಒಂದೊಂದೇ ಕಲ್ಲನ್ನು ತಟ್ಟಿ ನೋಡಿದ್ದರು. ಟೊಳ್ಳು ಸದ್ದು ಬಂದರೆ ಕೆಳಗಿನ ಗಾರೆ ಬಿಟ್ಟಿದೆ ಎಂದರ್ಥ. ಅಂಥವನ್ನು ಹಾರೆಯಿಂದ ಮೀಟಿ ಎತ್ತಿ ಹೊಸ ಗಾರೆಯ ಮೇಲೆ ಕೂರಿಸಿದರು. ತೀರಾ ಕೆಟ್ಟಿದ್ದ ಒಂದೆರಡನ್ನು ಹಾಗೇ ಮಗುಚಿ ಹಾಕಿದರು. ಇಷ್ಟು ವರ್ಷ ಮಣ್ಣು ನೋಡುತ್ತಿದ್ದ ಮೈ ಈಗ ಮೇಲೆ. ಸಂದುಗಳ ಹಳೆಯ ಸಿಮೆಂಟನ್ನು ಚಾಣದಿಂದ ಕೆದರಿ, ಕಲ್ಲಿನ ಬಣ್ಣಕ್ಕೆ ಹೊಂದುವಂತೆ ಬಿಳಿ ಸಿಮೆಂಟಿಗೆ ಬೂದುಬಣ್ಣ ಕಲಸಿ ತುಂಬಿದರು. ಅದು ಬಿಗಿಯಾಗುವ ತನಕ ಮನೆಮಂದಿಗೆ ಹಿತ್ತಲ ಬಾಗಿಲೇ ಗತಿ.

ಈಗ ತಿಕ್ಕುವ ಸರದಿ. ಮಷೀನಿನ ಅಡಿಯ ತಟ್ಟೆಗೆ ಕಾರ್ಬೊರಂಡಮ್ ಕಲ್ಲುಗಳನ್ನು ಸಿಕ್ಕಿಸಿದ್ದಾರೆ. ಮೊದಲು 60 ನಂಬರು, ಆಮೇಲೆ 120, 220, 400. ನಂಬರು ಏರಿದಂತೆ ಕಣ ಸಣ್ಣದು. ಹೊಳಪು ಎನ್ನುವುದು ಮೇಲೆ ಬಳಿಯುವ ಸಾಮಾನಲ್ಲ. 60 ನಂಬರು ಎಳೆದ ಗೀರನ್ನು 120 ಅಳಿಸಿ ತನ್ನ ಸಣ್ಣ ಗೀರು ಬಿಡುತ್ತದೆ, ಅದನ್ನು 220 ಅಳಿಸುತ್ತದೆ. ಕೊನೆಗೆ ಕಣ್ಣಿಗೆ ಕಾಣದಷ್ಟು ಗೀರು ಸಣ್ಣದಾದಾಗ ಬೆಳಕು ಚದುರದೆ ನೇರ ಮರಳುತ್ತದೆ. ಅವಸರಕ್ಕೆ ನಡುವಿನ ಒಂದು ನಂಬರು ಹಾರಿಸಿದರೆ ಕೆಲಸ ಮುಗಿದ ದಿನ ಗೊತ್ತಾಗುವುದಿಲ್ಲ. ಕಿಟಕಿಯಿಂದ ಓರೆ ಬಿಸಿಲು ಬಿದ್ದ ದಿನ ನೆಲದ ತುಂಬ ಸುತ್ತು ಸುತ್ತು ಗೀರು.

ನೀರು, ಕಲ್ಲಿನ ಪುಡಿ ಬೆರೆತು ಜೋಳದ ಅಂಬಲಿಯ ಹದಕ್ಕೆ ಬಂದ ಬೂದು ರಾಡಿ ಪಾದ ಮುಚ್ಚುವಂತೆ ನಿಂತಿದೆ. ಮಿಸ್ತ್ರಿ ಮಷೀನು ನಿಲ್ಲಿಸಿ, ಅಂಗೈಯಿಂದ ಒಂದಿಷ್ಟು ರಾಡಿ ಬಳಿದು ಬಟ್ಟೆಯಿಂದ ಒರೆಸಿದರು. ಅಂಗೈಯಗಲದ ಜಾಗ. ನೀಲಿಯೆನ್ನಲೂ ಬರದ, ಬೂದಿಯೆನ್ನಲೂ ಬರದ ಬಣ್ಣ. ಅದರ ನಡುವೆ ಕೂದಲೆಳೆಯಷ್ಟು ತೆಳುವಾದ ಒಂದು ಬಿಳಿ ನರ. ಬಾಗಿ, ಕೆನ್ನೆ ನೆಲಕ್ಕೆ ತಾಗುವಷ್ಟು ತಗ್ಗಿ, ಓರೆಗಣ್ಣಿಂದ ನೋಡಿದರು. "ಇನ್ನೊಂದು ಕೈ ಆಗ್ಬೇಕು" ಎಂದು ಮತ್ತೆ ಸ್ವಿಚ್ಚು ಒತ್ತಿದರು.

ರಾಡಿಯನ್ನು ಬಚ್ಚಲ ಮೋರಿಗೆ ತಳ್ಳುವಂತಿಲ್ಲ, ಒಳಗೆ ಕೂತು ಗಟ್ಟಿಯಾದರೆ ಪೈಪು ಒಡೆಯಬೇಕಾದೀತು. ಹುಡುಗ ಬಕೆಟ್ಟಿಗೆ ತುಂಬಿ ಹೊರಗೆ ಗುಂಡಿಗೆ ಸುರಿದು ಬರುತ್ತಾನೆ. ಮಷೀನು ಹೋಗದ ಮೂಲೆಗಳಿಗೆ ಕೈಯೇ ಗತಿ. ಕಡೆಗೆ ಆಕ್ಸಾಲಿಕ್ ಪುಡಿ ಉದುರಿಸಿ, ನೀರು ಚಿಮುಕಿಸಿ ಉಜ್ಜುತ್ತಾರೆ. ಇದೂ ಆ್ಯಸಿಡ್ಡೇ, ಆದರೆ ಕಲ್ಲಿನ ಸುಣ್ಣದೊಡನೆ ಸೇರಿ ನೀರಿಗೆ ಕರಗದ ತೆಳುಪದರವಾಗುತ್ತದೆ. ವಿಷದ ಪುಡಿ, ಕೈಗವಸು ಬೇಕು.

ಮದುಮಗನ ಅಣ್ಣ ಬೆಂಗಳೂರಿನಿಂದ ಬಂದವನು. ಮೇಲೊಂದು ಲಿಕ್ವಿಡ್ ಕೋಟಿಂಗ್ ಹೊಡೆಸಿದರೆ ಗಾಜಿನಂತೆ ಕಾಣುತ್ತದಲ್ಲ ಎಂದ. ಮಿಸ್ತ್ರಿಗೆ ಅದು ಒಪ್ಪಿಗೆಯಿಲ್ಲ.

"ಬ್ಯಾಡ್ರಿ ಅಣ್ಣಾರ. ಕಲ್ಲು ಕೆಳಗಿಂದ ತಂಪು ಎಳೀತದ. ಮ್ಯಾಲ ಮುಚ್ಚಿಬಿಟ್ರ ಆ ತಂಪು ಎಲ್ಲಿ ಹೋಗ್ಬೇಕು? ಮಳಿಗಾಲಕ್ಕ ಸಿಪ್ಪಿ ಎದ್ದಂಗ ಏಳ್ತದ."

ನನ್ನ ಮತವೂ ಅದೇ. ಗಾಜಿನಂತೆ ಕಾಣಬೇಕಾದರೆ ಫರ್ಸಿ ಯಾಕೆ ಬೇಕು? ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಮಧ್ಯಾಹ್ನ ಚಾಪೆಯೂ ಇಲ್ಲದೆ ಮೈಚಾಚಲು ಇದಕ್ಕಿಂತ ಒಳ್ಳೆಯ ನೆಲವಿಲ್ಲ. ಆ ಸುಖಕ್ಕೆ ಅರೆಹೊಳಪು ಸಾಕು. ಒದ್ದೆ ಕಾಲು ಜಾರುವುದೂ ಕಡಿಮೆ. ಒಳಕಲ್ಲಿನ ಮುಂದೆ ಕೂತು ಕೂತು ತಗ್ಗಾದ ಫರ್ಸಿಯನ್ನು ಸಮ ಮಾಡುವುದು ಬೇಡವೆಂದು ಮನೆಯ ಆಯಿ ಹಟ ಹಿಡಿದಿದ್ದರು. ಅದನ್ನು ಸಮ ಮಾಡಲು ಸುತ್ತಲಿನ ಕಲ್ಲುಗಳನ್ನೆಲ್ಲ ತೇಯಬೇಕಾಗುತ್ತಿತ್ತು. ಮಿಸ್ತ್ರಿ ಮರುಮಾತಾಡದೆ ಒಪ್ಪಿದರು.

ನೆಲ ಒಣಗಿ ಸಾಮಾನು ಒಳಗೆ ಹೋಗುವ ಹೊತ್ತಿಗೆ ಪಕ್ಕದ ಮನೆಯವರು ಬಂದು ಹೊಸ್ತಿಲಲ್ಲಿ ನಿಂತರು. ಅವರು ಹಳೆಯ ಫರ್ಸಿಯ ಮೇಲೆಯೇ ಟೈಲ್ಸ್ ಹಾಕಿಸಿಕೊಂಡವರು.

"ಟೈಲ್ಸ್ ಕಿತ್ತಿದ್ರ ಕೆಳಗಿನ ಫರ್ಸಿ ಹಿಂಗೇ ಆಗ್ತಾವೇನ್ರಿ ಮಿಸ್ತ್ರಿ?"

"ಆಗ್ತಾವ್ರಿ, ಯಾಕಾಗಂಗಿಲ್ಲ? ಖರೆ ಟೈಲ್ಸ್ ಹಚ್ಚಿದ ಸಿಮೆಂಟ್ ಕೆರೆಯೋದು ಬ್ಯಾರೆ ಕೆಲಸ. ಅದರ ಕೂಲಿನೂ ಬ್ಯಾರೆ" ಎನ್ನುತ್ತ ಮಿಸ್ತ್ರಿ ಜೇಬಿನಿಂದ ಟೇಪು ತೆಗೆದರು.